ಮೂವತ್ತೆಂಟು ಸೆಕೆಂಡಿನ ಕಾಲರು

ಗುರುವಾರದಿಂದ ಮೂವತ್ತೆಂಟು ಎನ್ನುವ ಅಂಕಿ ನನ್ನ ತಲೆಯೊಳಗೆ ಕೂತುಬಿಟ್ಟಿದೆ. ಹಾಲು ಕಾಯಲು ಇಟ್ಟರೆ ಎಣಿಸುತ್ತೇನೆ, ಮಗಳ ಬೆನ್ನು ತಟ್ಟಿ ಮಲಗಿಸುವಾಗ ಎಣಿಸುತ್ತೇನೆ, ನಲ್ಲಿಯ ಕೆಳಗೆ ಬಕೆಟ್ ಇಟ್ಟು ನಿಂತಾಗಲೂ ಎಣಿಸುತ್ತೇನೆ. ಮೂವತ್ತೆಂಟಕ್ಕೆ ಬಂದ ಕೂಡಲೇ ಮತ್ತೆ ಒಂದರಿಂದ ಶುರುಮಾಡುತ್ತೇನೆ. ಇವತ್ತು ಭಾನುವಾರ. ನಾಳೆ ಬೆಳಿಗ್ಗೆ ಎಂಟೂವರೆಗೆ ಶರ್ಟಿನ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ನುಗಳ ಆರು ಲೈನುಗಳ ಆರೂ ಗುರಿ ಬೋರ್ಡಿನಲ್ಲಿ, ಕಾಲರ್ ಕೂರಿಸುವವರ ಮುಂದೆ ಗಂಟೆಗೆ ಅರವತ್ತು ಎಂದಿರುವುದನ್ನು ಅಳಿಸಿ ಎಂಬತ್ತೆರಡು ಎಂದು ಬರೆಯುತ್ತಾರೆ. ಆ ಎಂಬತ್ತೆರಡನ್ನು ಹುಟ್ಟಿಸಿದವಳು ನಾನು. ಅದರ ಏಟು ಮೊದಲು ಬೀಳುವುದು ಕಾಲರಕ್ಕನಿಗೆ.

ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಗೇಟಿನವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಕಾಲರಕ್ಕ. ಉಡುಪು ತಯಾರಿಕೆಯ ಡಿಪ್ಲೊಮಾದ ಕೊನೆಯಲ್ಲಿ ಆರು ವಾರ ಕಾರ್ಖಾನೆಯಲ್ಲಿ ತರಬೇತಿ ಪಡೆದು ಒಂದು ಪ್ರಾಜೆಕ್ಟ್ ಬರೆದು ಕೊಡಬೇಕು. ಅದಕ್ಕೆಂದು ಹೋದ ಮೊದಲ ದಿನ ಸೂಪರ್‌ವೈಸರ್ ನನ್ನನ್ನು ಅವರ ಮೆಷಿನ್ ಪಕ್ಕ ನಿಲ್ಲಿಸಿ ಹೋದರು. ಅವರು ತಲೆ ಎತ್ತಲೇ ಇಲ್ಲ.

"ಏನು ಓದ್ತಿದೀಯಮ್ಮಾ?"

"ಗಾರ್ಮೆಂಟ್ ಪ್ರೊಡಕ್ಷನ್, ಅಕ್ಕಾ."

"ಎಷ್ಟು ವರ್ಷ?"

"ಎರಡು. ಮಧ್ಯೆ ಹೆರಿಗೆ ಆಯ್ತಲ್ಲ, ನನಗೆ ಮೂರಾಯ್ತು."

"ನಾನು ಇಪ್ಪತ್ತೊಂದು ವರ್ಷದಿಂದ ಮಾಡ್ತಾ ಇದೀನಿ. ಇನ್ನೂ ಪಾಸಾಗಿಲ್ಲ ನೋಡು" ಎಂದು ದಾರ ಕತ್ತರಿಸಿದರು.

ಎರಡು ವರ್ಷ ನಾನು ಕಾಗದದ ಮೇಲೆ ಕಾಲರ್ ಬರೆದಿದ್ದೆ. ಕುತ್ತಿಗೆಯ ಸುತ್ತಳತೆ, ತುದಿಯ ಕೋನ, ಹೊಲಿಗೆಗೆ ಬಿಡಬೇಕಾದ ಅಂಚು, ಎಲ್ಲ ಬಾಯಿಪಾಠ. ಆದರೆ ವಕ್ರವಾದ ಕುತ್ತಿಗೆಗೆ ನೇರವಾದ ಪಟ್ಟಿಯನ್ನು ಒಂದೂ ನಿರಿಗೆ ಬೀಳದ ಹಾಗೆ ಕೂರಿಸುವುದೆಂದರೆ ಏನೆಂದು ಅಲ್ಲೇ ನೋಡಿದ್ದು. ಕಾಲರಕ್ಕನ ಎಡಗೈಯ ಹೆಬ್ಬೆರಳು ಬಟ್ಟೆಯನ್ನು ತಳ್ಳುವುದೂ ಇಲ್ಲ, ಎಳೆಯುವುದೂ ಇಲ್ಲ. ಸುಮ್ಮನೆ ದಾರಿ ತೋರಿಸುತ್ತಿರುತ್ತದೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಆ ಕಾರ್ಖಾನೆಗೆ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಸೇರಿದ್ದಂತೆ. ಕಾಲರಿನ ಹುಡುಗಿ ಮದುವೆಯಾಗಿ ಹೊರಟುಹೋದಾಗ, ಬೇರೆಯವರು ಸಿಗುವ ತನಕ ಎರಡು ದಿನ ಕೂತ್ಕೋ ಎಂದರಂತೆ. ಆ ಎರಡು ದಿನ ಇನ್ನೂ ಮುಗಿದಿಲ್ಲ. ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿದೆ. ಬಸ್ಸಿನಲ್ಲಿ ಜನರ ಮುಖ ನೋಡುವುದಿಲ್ಲ, ಕುತ್ತಿಗೆ ನೋಡುತ್ತಾರೆ. "ಮುಖ ಮರೆತುಹೋಗುತ್ತೆ ಕಣೆ, ಸೊಟ್ಟ ಕಾಲರ್ ಮಾತ್ರ ಮನೆವರೆಗೂ ಬರುತ್ತೆ" ಎನ್ನುತ್ತಾರೆ. ಗಂಡ ಲಾರಿ ಓಡಿಸುತ್ತಿದ್ದವರು, ಸೊಂಟ ಹಿಡಿದು ಮನೆಯಲ್ಲಿದ್ದಾರೆ. "ನಮ್ಮ ಲಾರಿ ಮೂರು ವರ್ಷದಿಂದ ಶೆಡ್ಡಲ್ಲಿದೆ. ಹಾರನ್ ಒಂದು ಸರಿಯಾಗಿದೆ." ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳು ಹುಟ್ಟಿದ ನಲವತ್ತೈದನೇ ದಿನಕ್ಕೆ ಕಾಲರಕ್ಕ ಮತ್ತೆ ಮೆಷಿನ್ನಿನ ಮುಂದಿದ್ದರು.

ಇದನ್ನು ಅವರು ಹೇಳಿದ್ದು ಶೌಚಾಲಯದ ಕನ್ನಡಿಯ ಮುಂದೆ. ಮಧ್ಯಾಹ್ನದ ಹೊತ್ತಿಗೆ ನನಗೆ ಎದೆಹಾಲು ಸೋರಿ ಬಟ್ಟೆ ಒದ್ದೆಯಾಗಿತ್ತು. ನಾನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಾ ಅಳು ನುಂಗುತ್ತಿದ್ದೆ. ಅವರು ಏನೂ ಕೇಳದೆ ಹೊರಗೆ ಹೋಗಿ, ಕತ್ತರಿಸಿ ಉಳಿದ ಹತ್ತಿ ಬಟ್ಟೆಯ ತುಂಡುಗಳನ್ನು ತಂದು ನಾಲ್ಕು ಮಡಿಕೆ ಮಾಡಿ ಕೈಗಿಟ್ಟರು.

"ಒಳಗಿಟ್ಕೋ. ಕಾಲರಿಗೆ ಹಾಕೋ ಗಟ್ಟಿ ಬಟ್ಟೆ ಇಟ್ಕೊಂಡೀಯ, ಅದು ಒಂದು ತೊಟ್ಟೂ ಹೀರಲ್ಲ. ನಾನು ಇಟ್ಕೊಂಡು ನೋಡಿದೀನಿ. ಎದೆಗೂ ಕಾಲರ್ ಬಂದ ಹಾಗಾಗಿತ್ತು."

ನಾನು ನಕ್ಕೆ. ಆ ಆರು ವಾರಗಳಲ್ಲಿ ನಾನು ನಕ್ಕಿದ್ದೆಲ್ಲ ಅವರಿಂದಲೇ.

ನನ್ನ ಪ್ರಾಜೆಕ್ಟ್ ಏನೆಂದರೆ, ಕಾಲರ್ ಕೂರಿಸಲು ಎಷ್ಟು ಸಮಯ ಬೇಕೆಂದು ಸ್ಟಾಪ್‌ವಾಚ್ ಹಿಡಿದು ಅಳೆಯುವುದು. ಕಾರ್ಖಾನೆಯಲ್ಲಿ ಆ ಕೆಲಸ ಮಾಡುವ ಎಂಜಿನಿಯರನ್ನು ಹೆಂಗಸರು ಗಡಿಯಾರ ಸಾರ್ ಎನ್ನುತ್ತಾರೆ. ಅವರು ಲೈನಿನ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಇದ್ದಕ್ಕಿದ್ದಂತೆ ಸೂಜಿಗಳು ಮೊಂಡಾಗುತ್ತವೆ, ದಾರ ಸುತ್ತಿದ ಬಾಬಿನ್ನುಗಳು ಕೆಳಗೆ ಬೀಳುತ್ತವೆ, ದಾರ ಪೋಣಿಸಲು ಕನ್ನಡಕ ಬೇಕಾಗುತ್ತದೆ. ಯಾಕೆಂದು ಕೇಳಿದ್ದಕ್ಕೆ ಕಾಲರಕ್ಕ, "ಗಡಿಯಾರ ಕಂಡ್ರೆ ನಮ್ಮ ಕೈಗೆ ನೆಗಡಿ ಆಗುತ್ತೆ" ಎಂದಿದ್ದರು, ಸಾರ್ ಕಿವಿಗೂ ಬೀಳುವ ಹಾಗೆ. ಆಮೇಲೆ ಗಂಭೀರವಾಗಿ ಬಿಡಿಸಿ ಹೇಳಿದರು. ಒಬ್ಬಳ ಓಟವನ್ನು ಅಳೆದರೆ ನಾಳೆ ಅದೇ ಆರೂ ಲೈನಿನವರ ಗುರಿ. ಐದನೇ ಲೈನಿನಲ್ಲಿ ಹೆರಿಗೆ ಮುಗಿಸಿ ಬಂದು ಮೂರು ತಿಂಗಳಾದವಳಿದ್ದಾಳೆ. ಎರಡನೇ ಲೈನಿನವಳಿಗೆ ಬೆರಳಿನ ಗಂಟು ನೋವು.

ನನಗೆ ಬೇಕಾಗಿದ್ದದ್ದು ಹತ್ತು ಕಾಲರಿನ ಅಳತೆ. ಕೊನೆಯ ವಾರದ ಮಂಗಳವಾರ ಮಗಳಿಗೆ ಜ್ವರ. ಅತ್ತೆ ಮೂರು ಸಲ ಫೋನ್ ಮಾಡಿದ್ದರು. ಪ್ರತಿ ಸಲ ಫೋನ್ ಅದುರಿದಾಗಲೂ ನಾನು ಬೆಚ್ಚಿ ಸ್ಟಾಪ್‌ವಾಚ್ ತಪ್ಪಾಗಿ ಒತ್ತುತ್ತಿದ್ದೆ. ಹತ್ತರ ಲೆಕ್ಕ ಎರಡು ಬಾರಿ ಹಾಳಾಯಿತು. ಅಳತೆ ಮುಗಿಯದೆ ನನ್ನನ್ನು ಹೊರಗೆ ಬಿಡುವಂತಿರಲಿಲ್ಲ. ಕಾಲರಕ್ಕ ನನ್ನ ಮುಖ ನೋಡಿದರು.

"ಮಗೂಗೆ ಎಷ್ಟಿದೆ?"

"ನೂರ ಎರಡಂತೆ ಅಕ್ಕಾ."

"ಸರಿ, ಬಾ ಈ ಕಡೆ. ನನಗೆ ಅಡ್ಡ ನಿಲ್ಲಬೇಡ. ಹತ್ತು ತಾನೇ? ಇವತ್ತು ನಿಜವಾದ್ದೇ ತೋರಿಸ್ತೀನಿ. ಬರ್ಕೊಂಡು ಮನೆಗೆ ಓಡು."

ಹತ್ತು ಕಾಲರುಗಳನ್ನು ಅವರು ಹೊಲಿದ ರೀತಿಯನ್ನು ನಾನು ಬರೆಯಲಾರೆ. ಮೆಷಿನ್ನಿನ ಶಬ್ದ ಒಂದೇ ಉಸಿರಿನಲ್ಲಿ ಬಂದಂತಿತ್ತು. ಸರಾಸರಿ ಮೂವತ್ತೆಂಟು ಸೆಕೆಂಡು. ಹತ್ತನೆಯದು ಮುಗಿದ ಮೇಲೆ ಅವರು ಎಡಗೈಯಿಂದ ಬಲ ಭುಜವನ್ನು ಒತ್ತಿಕೊಂಡು ಕಣ್ಣು ಮುಚ್ಚಿ ಕೂತರು. "ಎಲ್ಲಿ ಏನು ಬರೀಬೇಕೋ ನೋಡ್ಕೊಂಡು ಬರಿ, ತಾಯಿ" ಎಂದರು. ನಾನು ಆಗಲೇ ಬ್ಯಾಗು ಹೆಗಲಿಗೆ ಹಾಕಿಯಾಗಿತ್ತು.

ಸೆಕೆಂಡು ಅಳೆದರೆ ಸಾಲದು ಎನ್ನುವುದು ನನಗೆ ಗೊತ್ತಿತ್ತು. ಹೊಲಿದವರು ಸಾಮಾನ್ಯ ವೇಗದವರೋ, ಅದಕ್ಕಿಂತ ಚುರುಕೋ ಎಂದು ಪಕ್ಕದ ಕಾಲಮಿನಲ್ಲಿ ಬರೆಯಬೇಕು. ಅದಕ್ಕೆ ರೇಟಿಂಗ್ ಎನ್ನುತ್ತಾರೆ. ಸಾಮಾನ್ಯರಿಗೆ ನೂರು, ತುಂಬ ಚುರುಕಿನವರಿಗೆ ನೂರಿಪ್ಪತ್ತೋ ನೂರಮೂವತ್ತೋ. ಹಾಗೆ ಬರೆದರೆ ಲೆಕ್ಕದಲ್ಲಿ ಸಮಯ ಹಿಗ್ಗುತ್ತದೆ, ಉಳಿದವರ ಕೈಗೂ ಎಟುಕುವ ಗುರಿ ಬರುತ್ತದೆ. ನೂರು ಎಂದು ಬರೆದರೆ ಒಬ್ಬರ ಓಟವೇ ಎಲ್ಲರ ನಡಿಗೆಯಾಗುತ್ತದೆ. ಕಾಲೇಜಿನಲ್ಲಿ ನಾವೆಲ್ಲ ಅಭ್ಯಾಸಕ್ಕೆ ಒಬ್ಬರನ್ನೊಬ್ಬರು ಅಳೆದುಕೊಂಡು, ಕಣ್ಣು ಮುಚ್ಚಿ ನೂರು ತುಂಬುತ್ತಿದ್ದೆವು. ಮೇಡಂ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಆ ಸಂಜೆ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ಮೊಣಕಾಲಿನ ಮೇಲೆ ಹಾಳೆ ಇಟ್ಟುಕೊಂಡು ನಾನು ಅದನ್ನೇ ಮಾಡಿದೆ. ಹತ್ತು ಸಾಲು, ಹತ್ತು ನೂರು. ದಣಿವು, ನೀರು, ದಾರ ಬದಲಿಸುವುದಕ್ಕೆಂದು ರೂಢಿಯಂತೆ ಸಮಯಕ್ಕೆ ನೂರಕ್ಕೆ ಹದಿನೈದು ಸೇರಿಸಿದಾಗ ಗಂಟೆಗೆ ಎಂಬತ್ತೆರಡು ಬಂತು.

ಅದೇ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಮೂರು ಅಂಕಿಗಳಿದ್ದವು: ನಲವತ್ತೊಂಬತ್ತು, ಐವತ್ತೊಂದು, ಐವತ್ತು. ಹಿಂದಿನ ವಾರ ಪಕ್ಕದ ಲೈನಿನವಳ ಬೆನ್ನ ಹಿಂದೆ ನಿಂತು, ಅವಳಿಗೆ ಗೊತ್ತಾಗದ ಹಾಗೆ ಅಳೆದದ್ದು. ಅದೇ ಸಾಮಾನ್ಯ ವೇಗ. ನಾನು ಅದನ್ನು ನೋಡಿದೆ. ನಾಳೆ ಸರಿಮಾಡೋಣ ಎಂದುಕೊಂಡೆ. ಮಗಳು ವಾಂತಿ ಮಾಡಿಕೊಂಡಳು, ನಾಳೆ ಬಂತು, ಟೈಪು ಮಾಡಿಸಿ ಕೊಟ್ಟುಬಿಟ್ಟೆ.

ಗುರುವಾರ ತರಬೇತಿಯ ಕೊನೆಯ ದಿನ. ಗಡಿಯಾರ ಸಾರ್ ನನ್ನ ವರದಿಯನ್ನು ಮೇಜಿನ ಮೇಲೆ ತಟ್ಟಿ, "ಹನ್ನೊಂದು ವರ್ಷದಲ್ಲಿ ನನಗೆ ಯಾರೂ ತೋರಿಸದ ಸ್ಪೀಡು ನಿಮಗೆ ಹೇಗ್ರೀ ತೋರಿಸಿದ್ರು?" ಎಂದರು. ಲೈನುಗಳೆಲ್ಲ ಕಾಲರಿನ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತವೆ, ಸೋಮವಾರದಿಂದ ಎಂಬತ್ತೆರಡು ಮಾಡಿ ನೋಡೋಣ ಎಂದರು. ಡಿಪ್ಲೊಮಾ ಕೈಗೆ ಬಂದ ಕೂಡಲೇ ಇಲ್ಲೇ ಸೇರಿಕೊಳ್ಳಿ ಎಂದೂ ಹೇಳಿದರು. ನಾನು ಬಾಯಿ ತೆರೆದೆ. ಬಂದ ಮಾತು, "ಥ್ಯಾಂಕ್ಸ್ ಸಾರ್."

ಕೆಳಗಿಳಿಯುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಇಳಿದಿತ್ತು. ಊಟದ ಕೋಣೆಯಲ್ಲಿ ಎರಡನೇ ಲೈನಿನವಳು ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಕಾಲರಕ್ಕಂಗೆ ರೆಕ್ಕೆ ಬಂದಿದೆಯಂತಲ್ಲಾ! ಇನ್ಮೇಲೆ ನಾವೂ ಹಾರ್ಬೇಕಂತೆ" ಎಂದಳು. ಯಾರೋ, "ಹಾರೋರು ಹಾರ್ಲಿ ಬಿಡು, ನಮ್ಮನ್ಯಾಕೆ ಎಳೀಬೇಕಿತ್ತು?" ಎಂದರು. ಇಪ್ಪತ್ತೊಂದು ವರ್ಷ ಎಂಟು ಜನರ ಮಧ್ಯೆ ಕೂತು ಉಂಡ ಕಾಲರಕ್ಕ ಅಂದು ಬೆಂಚಿನ ತುದಿಯಲ್ಲಿ ಒಬ್ಬರೇ ಡಬ್ಬಿ ತೆರೆದಿದ್ದರು. ನಾನು ಹತ್ತಿರ ಹೋಗಿ ನಿಂತೆ. ಬೈಯಲಿ, ಕೈಯಲ್ಲಿದ್ದ ಮುಚ್ಚಳ ಎಸೆಯಲಿ ಎಂದು ಕಾದೆ.

"ಮಗೂಗೆ ಜ್ವರ ಬಿಡ್ತಾ?" ಎಂದರು.

ಮೂರು ದಿನದಿಂದ ನಾನು ಈ ಪ್ರಶ್ನೆಯನ್ನೇ ಹೊತ್ತು ತಿರುಗುತ್ತಿದ್ದೇನೆ. ಶುಕ್ರವಾರ ಮಗಳಿಗೆ ಗಂಜಿ ಕುಡಿಸುತ್ತಾ, ಯಾರೂ ಗಮನಿಸಲಿಕ್ಕಿಲ್ಲ, ವಾರದಲ್ಲಿ ಹಳೇ ಗುರಿಯೇ ವಾಪಸ್ ಬರುತ್ತದೆ ಎಂದುಕೊಂಡೆ. ಶನಿವಾರ ಕಾಲರಕ್ಕನಿಗೇ ಫೋನ್ ಮಾಡಲು ಹೊರಟೆ. ಮಾಡಿದರೆ ತಪ್ಪಾಯ್ತು ಅನ್ನುತ್ತೇನೆ, ಅವರು ಬಿಡು ತಾಯಿ ಅನ್ನುತ್ತಾರೆ. ನನಗೆ ಹಗುರವಾಗುತ್ತದೆ, ಬೋರ್ಡಿನಲ್ಲಿ ಎಂಬತ್ತೆರಡು ಹಾಗೇ ಇರುತ್ತದೆ. ಮಾಡಬೇಕಾದದ್ದು ಗಡಿಯಾರ ಸಾರ್‌ಗೆ. ಮಾಡಿದರೆ ವರದಿ ತಪ್ಪೆಂದು ನಾನೇ ಒಪ್ಪಿಕೊಂಡಂತೆ. ಈ ಬ್ಯಾಚಿನಲ್ಲಿ ಡಿಪ್ಲೊಮಾ ತಪ್ಪಬಹುದು, ಆ ಕೆಲಸವೂ ಹೋಗಬಹುದು. ಇನ್ನೊಂದು ವರ್ಷ ಮಗುವನ್ನು ನೋಡಿಕೊಳ್ಳಲು ತಮ್ಮ ಕೈಲಾಗುವುದಿಲ್ಲ ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದಾರೆ.

ಅತ್ತೆ ಈಗ ಎದುರಿಗೇ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಾರೆ. ಮಗಳು ಅವರ ತೊಡೆಯ ಮೇಲೆ ನಿದ್ದೆಹೋಗಿದ್ದಾಳೆ. ಹೊತ್ತು ಮೂರೂವರೆ.

"ಬೆಳಿಗ್ಗೆಯಿಂದ ಆ ಫೋನಿಗೆ ಕಾವು ಕೊಡ್ತಾ ಕೂತಿದೀಯ. ಮರಿ ಆಗುತ್ತೇನೇ ಅದು?"

ನಾನು ಹೇಳಿದೆ. ನಿಲ್ಲಿಸದೆ ಎಲ್ಲವನ್ನೂ ಹೇಳಿದೆ. ಅವರು ಮಗಳ ಅಂಗಿಯೊಂದನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು.

"ಆ ಹೆಂಗಸು ಮಂಗಳವಾರ ಬೇಗ ಕಳಿಸಿದ್ರಲ್ಲ, ಅವರೇನಾ?"

"ಹೂಂ."

"ಆವತ್ತು ನೀನು ಬರೋದು ಇನ್ನೊಂದು ಗಂಟೆ ತಡ ಆಗಿದ್ರೆ ನನ್ನ ಕಥೆ ಮುಗೀತಿತ್ತು. ಮಗು ಕಣ್ಣು ಮೇಲೆ ಹೋಗಿತ್ತು, ನಿಂಗೆ ಹೇಳಿರ್ಲಿಲ್ಲ ನಾನು." ಮಡಿಸಿದ ಅಂಗಿಯನ್ನು ಪಕ್ಕಕ್ಕಿಟ್ಟರು. "ಇನ್ನೊಂದು ವರ್ಷ ಅಂದ್ರೆ ನನ್ನ ಮಂಡಿ ಕೇಳಲ್ಲಮ್ಮಾ, ನಿಜ ಹೇಳ್ತೀನಿ. ಅದನ್ನ ಆಮೇಲೆ ನೋಡೋಣ. ಮೊದಲು ಫೋನ್ ಮಾಡು, ಆಚೆ ಹೋಗಿ ಮಾಡು. ಇವಳು ಎದ್ರೆ ನಂಗಾಗಲ್ಲ."

ಮೆಟ್ಟಿಲ ಮೇಲೆ ಕೂತೆ. ಫೋನ್ ರಿಂಗಾಗತೊಡಗಿದಾಗ ಅಭ್ಯಾಸಬಲದಿಂದ ಎಣಿಸಲು ಶುರುಮಾಡಿದೆ. ಹದಿನಾಲ್ಕಕ್ಕೆ ಗಡಿಯಾರ ಸಾರ್ ಎತ್ತಿದರು.

"ಹೇಳಿ, ಏನು ಭಾನುವಾರ?"

"ಸಾರ್, ನನ್ನ ಪ್ರಾಜೆಕ್ಟಲ್ಲಿ ರೇಟಿಂಗ್ ತಪ್ಪಿದೆ ಸಾರ್. ಎಲ್ಲಾ ಕಡೆ ನೂರು ಅಂತ ಹಾಕಿದೀನಿ. ಅದು ನೂರಮೂವತ್ತು ಆಗ್ಬೇಕಿತ್ತು. ಹಾಗೆ ಲೆಕ್ಕ ಹಾಕಿದ್ರೆ ಗಂಟೆಗೆ ಅರವತ್ತಮೂರು ಬರುತ್ತೆ."

ಆಚೆ ಕಡೆ ಟೀವಿಯ ಶಬ್ದ ಕಡಿಮೆಯಾಯಿತು.

"ನೂರಮೂವತ್ತು ನಾನು ಯಾರಿಗೂ ಬರೆದಿಲ್ಲ ಕಣ್ರಿ. ಅವರೇನು ಮೆಷಿನ್ನಾ?"

"ಅಲ್ಲ ಸಾರ್, ಅದಕ್ಕೇ. ಹತ್ತು ಕಾಲರ್ ಅಷ್ಟೇ ಹಾಗೆ ಹೊಲಿದಿದ್ದು. ನನ್ನ ಮಗೂಗೆ ಜ್ವರ ಇತ್ತು, ನನ್ನನ್ನ ಬೇಗ ಮನೆಗೆ ಕಳಿಸೋಕೆ ಅಂತ ಮೆಷಿನ್ ಓಡಿಸಿದ್ರು. ಆಮೇಲೆ ಭುಜ ಹಿಡ್ಕೊಂಡು ಕೂತ್ಬಿಟ್ರು. ದಿನವಿಡೀ ಯಾರ ಕೈಲೂ ಆಗಲ್ಲ ಸಾರ್. ಪಕ್ಕದ ಲೈನಿಂದು ಬೇರೆ ಅಳೆದಿದ್ದೆ, ಐವತ್ತು ಬಂದಿತ್ತು. ಅದನ್ನ ವರದಿಗೆ ಹಾಕ್ಲಿಲ್ಲ."

"ಯಾಕೆ ಹಾಕ್ಲಿಲ್ಲ?"

"ಅವಸರ ಸಾರ್. ತಪ್ಪು ನಂದೇ."

ಅವರು ನಿಟ್ಟುಸಿರು ಬಿಟ್ಟಿದ್ದು ನನ್ನ ಕಿವಿಗೆ ಗಾಳಿಯಂತೆ ಬಂತು.

"ವರದಿ ವಾಪಸ್ ತಗೋಬೇಕಾಗುತ್ತೆ. ಆರು ಲೈನೂ ಅಳೀಬೇಕು, ಮೂರು ವಾರ ಹಿಡಿಯುತ್ತೆ. ನಿಮ್ಮ ಮೇಡಂಗೆ ನೀವೇ ಹೇಳಿ. ಈ ಬ್ಯಾಚಲ್ಲಿ ಸರ್ಟಿಫಿಕೇಟ್ ಬರುತ್ತೆ ಅಂತ ನಾನು ಮಾತು ಕೊಡಲ್ಲ."

"ಆಯ್ತು ಸಾರ್. ನಾಳೆ ಬೋರ್ಡು?"

"ಅರವತ್ತೇ ಇರ್ಲಿ. ಎಂಟಕ್ಕೆ ಬನ್ನಿ, ಸ್ಟಾಪ್‌ವಾಚ್ ತನ್ನಿ." ಇಡುವ ಮುನ್ನ ಒಂದು ಮಾತು ಸೇರಿಸಿದರು: "ನಾಳೆ ನಿಮಗೂ ಆ ಕೈ ನೆಗಡೀನೇ ತೋರಿಸ್ತಾರೆ, ಗೊತ್ತಲ್ಲಾ?"

"ಗೊತ್ತು ಸಾರ್" ಎಂದೆ. ಒಳಗೆ ಮಗಳು ಎದ್ದು ಅಳತೊಡಗಿದ್ದಳು.