ಹಗೇವಿನಲ್ಲಿ ನಿಂತ ಮಾತು

ನಮ್ಮ ಸಾಹೇಬರು ಸ್ವಲ್ಪ ಬಾಯಿ ಮುಚ್ಚಲಿ ಎಂದು ನಾನು ಬೇಡಿಕೊಳ್ಳದ ದಿನವಿರಲಿಲ್ಲ. ಐವತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಅವರಿಗೆ ಸಹಾಯಕನಾಗಿದ್ದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸುತ್ತಿ ಊರೂರಿನ ರಾಗಿ ತಳಿಗಳನ್ನು ಕಲೆಹಾಕುವುದು ನಮ್ಮ ಕೆಲಸ. ತಳಿಗೊಂದು ಮಡಕೆ. ಯಾವ ಊರಿನದು, ಮಳೆಯಿಲ್ಲದೆ ಎಷ್ಟು ತಾಳುತ್ತದೆ ಎಂಬುದೆಲ್ಲ ಅದರ ಕೊರಳಿನ ತಗಡಿನ ಮೇಲೆ. ಆಗಾಗ ಬಿತ್ತಿ ಹೊಸ ಕಾಳು ಮಾಡಿಕೊಳ್ಳದಿದ್ದರೆ ಬೀಜ ಸತ್ತು ತಗಡು ಮಾತ್ರ ಉಳಿಯುತ್ತದೆ.

ಅಷ್ಟರಲ್ಲಿ ಮೇಲಿನಿಂದ ಹಣ ಬರುವುದೇ ಅನುಮಾನವಾಯಿತು. ಮಡಕೆಗಳನ್ನಿಟ್ಟಿದ್ದ ಬಾಡಿಗೆಯ ಉಗ್ರಾಣ ಬಿಡಬೇಕಾಯಿತು. ಸಿರಾ ಬಳಿಯ ಹಳ್ಳಿಯ ಯಜಮಾನಿಯೊಬ್ಬಳು ತನ್ನ ಹಗೇವಿನಲ್ಲಿ, ಅಂಗಳದಡಿಯ ಧಾನ್ಯದ ಗುಂಡಿಯಲ್ಲಿ, ತನ್ನ ರಾಗಿಯ ಜೊತೆ ನಮ್ಮ ಮಡಕೆಗಳನ್ನೂ ಇಟ್ಟುಕೊಂಡಳು.

ಬಿತ್ತನೆ ಹತ್ತಿರ ಬಂತು. ಹಗೇವಿನ ಕೆಟ್ಟ ಗಾಳಿ ಉಸಿರು ಕಟ್ಟಿಸುತ್ತದೆಂದು ಎಲ್ಲರಿಗೂ ಗೊತ್ತು. ಹಗಲೆಲ್ಲ ಬಾಯಿ ತೆರೆದಿಟ್ಟು, ದೀಪ ಇಳಿಸಿ, ಅದು ಉರಿದ ಮೇಲೆಯೇ ಸಾಹೇಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡದ್ದು. ಆ ಮಡಕೆಗಳನ್ನು ಬೇರೆಯವರು ಮುಟ್ಟಿದರೆ ಅವರಿಗಾಗದು.

"ಒಳೀಕೋದ್ಮೇಲೆ ಮಾತಾಡ್ತಾನೇ ಇರ್ಬೇಕು ಸ್ವಾಮಿ. ಮಾತು ನಿಂತ್ರೆ ಎಳ್ದುಬುಡ್ತೀವಿ" ಎಂದಳು ಯಜಮಾನಿ.

"ಅದನ್ನ ಇವರಿಗೆ ಹೇಳ್ಕೊಡ್ಬೇಕೇನಮ್ಮ?" ಎಂದೆ.

ಒಳಗಿನಿಂದ ಭಾಷಣ ಶುರುವಾಯಿತು. "ಮೀಟಿಂಗಿನ ಬಿಸ್ಕತ್ತಿಗೆ ದುಡ್ಡಿದೆ, ಬೀಜಕ್ಕಿಲ್ಲ! ತಗೋ, ಇದು ಕೊಳಾಲದ್ದು..." ಬುಟ್ಟಿಯಲ್ಲಿ ಮಡಕೆಗಳು ಮೇಲೆ ಬಂದವು.

"ಇಂಗೆ ಬೈತಿದ್ರೆ ನಮ್ ರಾಗಿ ಖಾರಾಗ್ಬುಡ್ತದೆ ಕಣಮ್ಮ" ಎಂದು ಹಗ್ಗ ಹಿಡಿದ ಯಜಮಾನಿಯ ಮಗ ನಕ್ಕ.

ಕೊನೆಯದು ನಾಗಲಮಡಿಕೆಯ ಕಡೆಯ ಕರಿರಾಗಿ. ಆ ಮಡಕೆ ಕಾಳಿನೊಳಗೆ ಹೂತುಹೋಗಿತ್ತು. ಅವರು ಕೆದಕತೊಡಗಿದರು. "ಈ ಸರ್ಕಾರ ಅನ್ನೋದು..."

ಸರ್ಕಾರ ಏನೆಂಬುದು ಬರಲೇ ಇಲ್ಲ.

"ಎಳೀರ್ಲಾ!" ಯಜಮಾನಿ ಕಿರುಚಿದಳು. ಕೆದಕಿದ್ದಕ್ಕೆ ಕಾಳಿನಡಿ ಅಡಗಿದ್ದ ಗಾಳಿ ಎದ್ದಿತ್ತು. ಎಳೆದೆವು. ಕಿರಿದಾದ ಬಾಯಿಗೆ ಭುಜ ಸಿಕ್ಕಿಕೊಂಡಿತು. ಬೈಯಿರಿ ಸಾರ್, ನನ್ನನ್ನಾದರೂ ಬೈಯಿರಿ ಎಂದು ಗೋಗರೆದೆ. ಹೊರಬಿದ್ದಾಗ ಮುಖ ಬೂದಿಯ ಬಣ್ಣ. ತೋಳುಗಳ ನಡುವೆ ಮಡಕೆ. ನೀರು ಎರಚಿದೆವು. ಕೊನೆಗೂ ಕೆಮ್ಮಿ ಕಣ್ಣು ಬಿಟ್ಟರು.

"ತಗಡು ಇದೆಯಾ?"

"ಇನ್ಮೇಕೆ ಇವ್ನ ನನ್ ಹಗೇವಿಗೆ ಇಳಿಸ್ಬ್ಯಾಡಿ" ಎಂದಳು ಯಜಮಾನಿ. "ಮನೆಗೊಂದು ಮಡಕೆ ಕೊಟ್ಬುಡಿ. ಹೊಲದ ಮೂಲೇಲಿ ಬಿತ್ಕಂಡು ಕಾಪಾಡ್ತೀವಿ."

"ಬೆರಕೆ ಮಾಡ್ಬಿಟ್ರೆ?"

"ನೀವೇ ಈಗ ರಾಗೀಲಿ ಬೆರಕೆ ಆಗೋಗ್ತಿದ್ರಲ್ಲ ಸ್ವಾಮಿ!"

ಹಾಗೆ ಮಡಕೆಗಳು ಮನೆಮನೆಗೆ ಹೋದವು, ಬೀಜ ಉಳಿಯಿತು. ಸುಗ್ಗಿಗೊಮ್ಮೆ ಸಾಹೇಬರ ಹಿಂದೆ ಊರೂರು ತಿರುಗಿ ತಗಡುಗಳನ್ನು ನೋಡಿ ಬರುತ್ತಿದ್ದೆ. ಸರ್ಕಾರವನ್ನು ಬೈಯುತ್ತಿದ್ದ ಅವರು ಮಜ್ಜಿಗೆ ಕುಡಿಯಲು ಮಾತು ನಿಲ್ಲಿಸಿದರೆ, ನನ್ನ ಕೈ ಅವರ ಅಂಗಿ ಹಿಡಿದು ಎಳೆದುಬಿಡುತ್ತಿತ್ತು. ಎಷ್ಟೋ ಅಂಗಿ ಮಜ್ಜಿಗೆಯಲ್ಲಿ ನೆನೆದವು.