ಕಾಲಿಗೆ ನೀರು

ಛತ್ರಪತಿ ಸಂಭಾಜಿನಗರಕ್ಕೆ ಬಂದ ಮೊದಲ ವಾರವೇ ಇಬ್ಬರು ನನಗೆ ನೀರಿನ ಪಾಠ ಹೇಳಿದರು. ಮನೆ ಮಾಲಕರು, "ವಹಿನಿ, ನಳಕ್ಕೆ ನೀರು ಬರೋದು ವಾರಕ್ಕೊಮ್ಮೆ, ಡ್ರಮ್ಮು ತುಂಬಿಸಿಟ್ಟುಕೊಳ್ಳಿ" ಅಂದರು. ಮೂರು ದಿನ ಬಿಟ್ಟು ಡಾಕ್ಟರು, "ಇನ್ನು ಮೇಲೆ ನಿಮಗೆ ದಿನಕ್ಕೆ ಮೂರು ಕಪ್ಪು ನೀರು. ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗೋ ನೀರು ಎಲ್ಲ ಸೇರಿ" ಅಂದರು. ದೇವರ ತೀರ್ಥ ಎಂದು ಕೇಳಿದೆ. ಅವರು ನಗಲಿಲ್ಲ. "ಅದನ್ನೂ ಲೆಕ್ಕಕ್ಕೆ ಹಿಡೀರಿ" ಅಂದರು.

ನಮ್ಮದು ಮುಧೋಳದ ಕಡೆಯ ಹಳ್ಳಿ. ನಮ್ಮನೆಯವರು ಬ್ಯಾಂಕಿನವರು, ವರ್ಗ ಆದಲ್ಲಿಗೆ ಗಂಟು ಕಟ್ಟುವವರು. ಇಲ್ಲಿಗೆ ಬರುವ ಮುಂಚೆ ನಾಲ್ಕು ವರ್ಷ ನಾಸಿಕದಲ್ಲಿದ್ದೆವು. ಪಂಚವಟಿಯ ಬಾಡಿಗೆ ಮನೆಯಿಂದ ಗೋದಾವರಿಯ ಘಾಟಿಗೆ ಹತ್ತು ನಿಮಿಷದ ಹಾದಿ. ದಿನಾ ಬೆಳಿಗ್ಗೆ ಹೋಗಿ ಕೈಮುಗಿದು ಬರುತ್ತಿದ್ದೆ, ಬರುವಾಗ ದ್ರಾಕ್ಷಿ ತಿನ್ನುತ್ತ. ಮರಾಠಿ ಸಲೀಸಾಗಿ ಬಂತು, ಗೆಳತಿಯರಾದರು. ದೇವರು ನನ್ನ ಜೇಬಿನಲ್ಲೇ ಇದ್ದಾನೆ ಅನ್ನುವ ಸೊಕ್ಕು ಇತ್ತು ಅಂದರೂ ತಪ್ಪಲ್ಲ.

ಅಲ್ಲೇ ಒಂದು ದಿನ ಕಾಲುಂಗುರ ಬಿಗಿಯಾಯಿತು. ಎಣ್ಣೆ ಹಚ್ಚಿದೆ, ಸೋಪು ಹಚ್ಚಿದೆ, ಬರಲಿಲ್ಲ. ಕೊನೆಗೆ ಅಕ್ಕಸಾಲಿಗ ಕತ್ತರಿಸಿ ತೆಗೆದ. "ಬಾಯೀ, ಇದು ದಪ್ಪ ಆಗಿದ್ದಲ್ಲ, ಬಾವು. ದವಾಖಾನೆಗೆ ಹೋಗಿ" ಅಂದ. ಎರಡೂ ಕಿಡ್ನಿ ಹೋಗಿದ್ದವು. ಅದೇ ತಿಂಗಳು ಇವರಿಗೆ ವರ್ಗದ ಆರ್ಡರು ಬಂತು. ಹೀಗೆ ಸಂಭಾಜಿನಗರಕ್ಕೆ ನಾನು ಬಂದದ್ದು ಪಾತ್ರೆಪಗಡದ ಜೊತೆಗೆ ಒಂದು ಫೈಲು ಹಿಡಿದುಕೊಂಡು. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ ಡಯಾಲಿಸಿಸ್. ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕು. ಅದು ರಕ್ತ ಎಳೆದು, ತೊಳೆದು, ಮತ್ತೆ ಒಳಗೆ ಬಿಡುತ್ತದೆ.

ನೀರಡಿಕೆ ಅಂದರೆ ಏನು ಅಂತ ನಿಮಗೆ ಗೊತ್ತಿಲ್ಲ, ಬಿಡಿ. ನನಗೂ ಗೊತ್ತಿರಲಿಲ್ಲ. ನಾಲಗೆ ಚರ್ಮದ ತುಂಡಿನ ಹಾಗಾಗುತ್ತದೆ. ಏಲಕ್ಕಿ ಕಚ್ಚಿಕೊಂಡು ಕೂರುತ್ತಿದ್ದೆ. ಬಾಳೆಹಣ್ಣು, ಕಾಯಿ, ಬೆಲ್ಲ, ನೈವೇದ್ಯದ ತಟ್ಟೆಯಲ್ಲಿ ಇರುವುದೆಲ್ಲ ನನಗೆ ವಿಷ. ದೇವರ ಮುಂದೆ ಕೂತು ಜಗಳಾಡಿದೆ. ಸಾಯಿಸುವುದಿದ್ದರೆ ಸಾಯಿಸು, ಹೀಗೆ ಬಾಯಿ ಒಣಗಿಸಿ ಇಟ್ಟುಕೊಂಡು ಯಾವ ಕೆಲಸಕ್ಕೆ ಅಂತ ಕೇಳಿದೆ. ಇಲ್ಲಿ ಗೆಳತಿಯರಿರಲಿಲ್ಲ. ಹೊಸಬರ ಹತ್ತಿರ ಮಾತಾಡಲು ಬಾಯಲ್ಲಿ ಉಗುಳೂ ಇರಲಿಲ್ಲ.

ನಮ್ಮ ಮನೆ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿತ್ತು. ಗಂಗಾಪುರ, ಪೈಠಣ, ಖುಲ್ತಾಬಾದಿನಿಂದ ಮೊದಲ ಬಸ್ಸಿಗೆ ಬರುವ ರೋಗಿಗಳು ಸರದಿ ಬರುವ ತನಕ ಫುಟ್‌ಪಾತಿನ ಮೇಲೆ ಕೂರುತ್ತಿದ್ದರು. ಒಂದು ಮಂಗಳವಾರ ತಡೆಯದೆ ಇಬ್ಬರನ್ನು ಒಳಗೆ ಕರೆದೆ. ಆಮೇಲೆ ಅದೇ ರೂಢಿ ಆಯಿತು. "ನಿನಗೇ ನಿಲ್ಲಾಕ ತ್ರಾಣ ಇಲ್ಲ, ಊರ ಉಸಾಬರಿ ಯಾಕ ಬೇಕು?" ಅಂದರು ಇವರು. "ನೀವು ಬ್ಯಾಂಕಿಗೆ ಹೋಗ್ರಿ ಸುಮ್ನ, ನನಗೂ ಒಂದು ಉದ್ಯೋಗ ಇರ್ಲಿ" ಅಂದೆ. ನಿಜ ಹೇಳುತ್ತೇನೆ, ದೇವರು ನನ್ನನ್ನು ಉಳಿಸಿಕೊಂಡದ್ದು ಇದಕ್ಕೇ ಅಂದುಕೊಂಡೆ. ಜಗಳ ಬಿಟ್ಟು ಮತ್ತೆ ದೀಪ ಹಚ್ಚತೊಡಗಿದೆ.

ಹಾಗೆ ಬಂದವರಲ್ಲಿ ತುಳಶೀರಾಮ ಕಾಕಾ ಒಬ್ಬರು. ಗಂಗಾಪುರದ ದರ್ಜಿ, ಎಪ್ಪತ್ತರ ಹತ್ತಿರ, ಕೊರಳಲ್ಲಿ ತುಳಸಿಮಾಲೆ. ವರ್ಷವರ್ಷವೂ ಆಷಾಢಕ್ಕೆ ಪೈಠಣದ ಪಾಲಕಿಯ, ಅಂದರೆ ಸಂತರ ಪಲ್ಲಕ್ಕಿಯ, ಜೊತೆ ಪಂಢರಪುರಕ್ಕೆ ನಡೆದವರು. ಮೂರು ವರ್ಷದಿಂದ ಯಂತ್ರ ಬಿಟ್ಟು ಹೋಗುವ ಹಾಗಿರಲಿಲ್ಲ. ಸೊಸೆ ಸುನಂದಾ ಕರೆತರುತ್ತಿದ್ದಳು. ಕಾಕಾ ನನ್ನನ್ನು "ಮಾವುಲಿ" ಅನ್ನುತ್ತಿದ್ದರು. ಮಾವುಲಿ ಅಂದರೆ ತಾಯಿ, ಹೀಗೆ ಪಂಢರಪುರಕ್ಕೆ ನಡೆಯುವ ವಾರಕರಿಗಳು ಎಲ್ಲರನ್ನೂ ಹಾಗೇ ಕರೆಯುತ್ತಾರೆ. "ನಮ್ಮ ವಿಠೋಬಾ ನಿಮ್ಮ ಕಡೆಯವನೇ. ನಾನು ಅಲ್ಲಿಗೆ ಹೋಗಲಿಲ್ಲ ಅಂತ ನಿಮ್ಮನ್ನು ಇಲ್ಲಿಗೆ ಕಳಿಸಿದ" ಅಂತ ನಗಿಸುತ್ತಿದ್ದರು.

ಅವತ್ತು ಶುಕ್ರವಾರ. ಏಪ್ರಿಲ್ಲಿನ ಬಿಸಿಲು. ಸುನಂದಾ ಕಾಕಾನನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿ ಕಾಗದ ಕೊಡಲು ಆಸ್ಪತ್ರೆಗೆ ಹೋದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಒಂದು ಚೂರು ಬೆಲ್ಲ, ತಂಬಿಗೆ ತುಂಬ ಕುಡಿಯುವ ನೀರು. ಇಲ್ಲಿ ನೀರಿನ ಅಡಚಣಿ, ಕಾಲಿಗೆ ಕೊಡುವುದನ್ನು ಬಿಟ್ಟಿದ್ದೆ. ಕುಡಿಯಲು ಕೊಡುವುದನ್ನು ಮಾತ್ರ ಬಿಡಲಾಗಿರಲಿಲ್ಲ. ರೋಗಿಗಳು ತುಟಿಗೆ ಮುಟ್ಟಿಸಿ ಕೆಳಗಿಡುತ್ತಿದ್ದರು, ಮರ್ಯಾದೆಗೆ. ಅವತ್ತು ಕಾಕಾ ತಂಬಿಗೆ ಎತ್ತಿ ಗಟಗಟ ಕುಡಿದರು. ಖಾಲಿ ಮಾಡಿ ನನ್ನ ಕಡೆ ಚಾಚಿದರು. "ಇನ್ನೊಂದು, ಮಾವುಲಿ."

ಕೊಟ್ಟೆ. ನೀರಿಗೆ ಇಲ್ಲ ಅನ್ನುವುದನ್ನು ನನಗೆ ಯಾರೂ ಕಲಿಸಿಲ್ಲ ಅಂತ ಎಷ್ಟೋ ದಿನ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತ ನಿಂತಿದ್ದೆ. ನೋಡಿ ನೋಡಿ ನನ್ನ ಗಂಟಲೇ ತಂಪಾದಂತಾಯಿತು. ಅವರು ಕುಡಿಯಲಿ ಅಂತ ನನಗೇ ಆಸೆ ಇತ್ತು. ನನಗೂ ಅದೇ ರೋಗ, ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗಿಲ್ಲ.

ಆ ದಿನ ಯಂತ್ರವೊಂದು ಕೆಟ್ಟು ಸರದಿ ಮಧ್ಯಾಹ್ನಕ್ಕೆ ಹೋಯಿತು. ನಾವೆಲ್ಲ ಆಸ್ಪತ್ರೆಯಲ್ಲಿ ಕಾಯುತ್ತ ಕೂತಲ್ಲೇ ಕಾಕಾಗೆ ಏದುಸಿರು ಹತ್ತಿತು. ನೀರು ಪುಪ್ಪುಸಕ್ಕೆ ತುಂಬಿತ್ತು, ಬಾಯಲ್ಲಿ ನೊರೆ. ಸ್ಟ್ರೆಚರಿನ ಮೇಲೆ ಎಳೆದುಕೊಂಡು ಓಡಿದರು. ಏನು ಕುಡಿದರು ಅಂತ ಡಾಕ್ಟರು ಕೇಳಿದಾಗ ನಾನೇ ಬಾಯಿಬಿಟ್ಟು ಹೇಳಿದೆ. ಸುನಂದಾ ಎಲ್ಲರೆದುರು ಕಿರುಚಿದಳು: "ನೀವೂ ಪೇಷಂಟ್ ಅಲ್ಲವಾ? ತಿಳಿದೂ ತಿಳಿದೂ ಕೊಟ್ಟಿರಲ್ಲ! ನಿಮ್ಮ ಪುಣ್ಯ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ!" ಅವಳ ಪ್ರತಿ ಮಾತೂ ಖರೆ ಇತ್ತು.

ನಾಲ್ಕು ದಿನ ಕಾಕಾ ಐಸಿಯುವಿನಲ್ಲಿದ್ದರು. ನಾನು ಬಾಗಿಲು ಹಾಕಿದೆ. ದೇವರಿಗೂ ಹಾಕಿದೆ. ಸೇವೆ ಅಂತೆ, ಸೇವೆ! ಮುದುಕನ ಗಂಟಲಿನಿಂದ ನನ್ನ ನೀರಡಿಕೆ ತೀರಿಸಿಕೊಳ್ಳಲು ಹೋಗಿದ್ದೆ. ಊಟ ಬಿಟ್ಟೆ, ಗುಳಿಗೆಯನ್ನೂ ಬಿಟ್ಟೆ. ಮುಂದಿನ ಮಂಗಳವಾರ ಡಯಾಲಿಸಿಸ್ಸಿಗೆ ಹೋಗುವುದಿಲ್ಲ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಇವರು ರಜೆ ಹಾಕಿ ಪಕ್ಕದಲ್ಲಿ ಕೂತರು. "ನೀ ಹ್ವಾದ್ರ ನಾ ಈ ಊರಾಗ ಯಾರ ಕೂಡ ಕನ್ನಡ ಮಾತಾಡ್ಲಿ?" ಅಂದರು. ಆ ಮನುಷ್ಯ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಎದ್ದು ಆಸ್ಪತ್ರೆಗೆ ಹೋದೆ.

ಮೂರು ವಾರ ಕಳೆದ ಮೇಲೆ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಕಾಕಾ! ಇಳಿದುಹೋಗಿದ್ದರು, ಕಾಲು ಮಾತ್ರ ಕಂಬದ ಹಾಗೆ ಊದಿದ್ದವು. ಸುನಂದಾ ಗಲ್ಲಿಯ ತುದಿಯಲ್ಲೇ ನಿಂತಿದ್ದಳು. ಕಾಕಾ ಒಳಗೆ ಬರದೆ ಮೆಟ್ಟಿಲ ಮೇಲೆ ಕೂತರು. "ಪಾಣಿ ಹಾಕಿ, ಮಾವುಲಿ" ಅಂದರು. ಮತ್ತೆ ಕುಡಿಯಲು ಕೇಳುತ್ತಿದ್ದಾರೆ ಅಂದುಕೊಂಡು ಹಿಂದೆ ಸರಿದೆ. ಅವರು ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದರು. "ಇಲ್ಲಿ. ಪಾಲಕಿಯ ಜೊತೆ ನಡೆಯುವಾಗ ಹಳ್ಳಿಹಳ್ಳಿಯಲ್ಲಿ ಜನ ಬಂದು ನಮ್ಮ ಕಾಲು ತೊಳೆಯುತ್ತಿದ್ದರು. ಈ ಕಾಲನ್ನು ಯಾರೂ ತೊಳೆದು ಮೂರು ವರ್ಷ ಆಯಿತು."

ನಾನು ಕೊಡುವುದನ್ನೇ ಬಿಟ್ಟಿದ್ದ ನೀರು ಅದು. ಚರಿಗೆ ತುಂಬಿ ತಂದು ಸುರಿದೆ, ಬಗ್ಗಿ ತೊಳೆದೆ. ಬೆರಳು ಒತ್ತಿದಲ್ಲೆಲ್ಲ ಗುಳಿ ಬೀಳುತ್ತಿತ್ತು, ನನ್ನ ಕಾಲಿನಲ್ಲಿ ಬೀಳುವಂಥದ್ದೇ. ಕಾಕಾ ಕಣ್ಣು ಮುಚ್ಚಿ ವಿಠ್ಠಲ ವಿಠ್ಠಲ ಅನ್ನುತ್ತಿದ್ದರು. ನಾನು ಜೋರಾಗಿ ಅತ್ತುಬಿಟ್ಟೆ, ಗಲ್ಲಿಯವರು ನೋಡಿದರೆ ನೋಡಲಿ ಅಂತ.

ಆಮೇಲೆ ಮಂಗಳವಾರ, ಶುಕ್ರವಾರ ನಮ್ಮ ಮೆಟ್ಟಿಲ ಮೇಲೆ ಮೂರು ನಾಲ್ಕು ಜನ ಕಾಲು ಚಾಚಿ ಕೂರುತ್ತಿದ್ದರು. ಮಾಲಕರು ಗೊಣಗಿದರು, ವಾರದ ನೀರನ್ನು ಹೀಗೆ ಸುರಿದರೆ ಹೇಗೆ ಅಂತ. "ನಾ ಕುಡಿಯೋ ನೀರು ಉಳೀತದಲ್ರೀ, ಅದ ಇದು" ಅಂದೆ. ಕೆಳಗೆ ತಗಡಿನ ಬುಟ್ಟಿ ಇಟ್ಟು, ತೊಳೆದ ನೀರನ್ನು ಅವರ ದಾಸವಾಳಕ್ಕೇ ಹಾಕಿದೆ. ಯಾರ ರೋಗವೂ ಇದರಿಂದ ವಾಸಿಯಾಗಲಿಲ್ಲ. ಪೈಠಣದಿಂದ ಬರುತ್ತಿದ್ದ ಒಬ್ಬ ಹೆಂಗಸು ಒಂದು ಶುಕ್ರವಾರ ಬರಲಿಲ್ಲ, ಮತ್ತೆ ಬರಲೇ ಇಲ್ಲ. ಆಷಾಢ ಏಕಾದಶಿಗೆ ಹದಿನೈದು ದಿನ ಇರುವಾಗ ಕಾಕಾನೂ ಹೋದರು, ಗಂಗಾಪುರದ ಮನೆಯಲ್ಲಿ, ಬೆಳಗಿನ ಹೊತ್ತು.

ಹೇಳಲು ಬಂದವಳು ಸುನಂದಾ. ಅಷ್ಟು ದಿನ ನನ್ನ ಹೊಸ್ತಿಲು ತುಳಿಯದವಳು ಬಂದು ಮೆಟ್ಟಿಲ ಮೇಲೆ ಕೂತಳು. ಧೂಳು ತುಂಬಿದ ಕಾಲಿಗೆ ನೀರು ಹಾಕಿದೆ. ಒಳಗೆ ಹೋಗಿ ತಂಬಿಗೆ ತುಂಬಿದೆ. ತಂದು ಅವಳ ಮುಂದೆ ಹಿಡಿದೆ. ಅವಳು ಎರಡೂ ಕೈಯಲ್ಲಿ ತಗೊಂಡು ತಳದ ತನಕ ಕುಡಿದಳು. "ಇನ್ನೊಂದು ಕೊಡಿ, ಮಾವುಲಿ" ಅಂದಳು. ಕೊಟ್ಟೆ. ಈ ಸಲ ನೆಲ ನೋಡುತ್ತ ನಿಂತೆ.

ಈಗ ಮತ್ತೆ ವರ್ಗದ ಆರ್ಡರು ಬಂದಿದೆ, ಬಾಗಲಕೋಟೆಗೆ. ಇವರಿಗೆ ಹಿಗ್ಗೋ ಹಿಗ್ಗು. ಅಣ್ಣನ ಹೆಂಡತಿ, ನಮ್ಮ ವೈನಿ, ಫೋನಿನಲ್ಲಿ ಅನ್ನುತ್ತಾಳೆ: "ಬಾರವ್ವ, ಹೊಸ್ತಿಲದಾಗ ತಂಬಿಗಿ ಹಿಡ್ಕೊಂಡ ನಿಂತಿರ್ತೀನಿ." ಅವಳು ಹಾಗೇ ನಿಂತಿರುತ್ತಾಳೆ, ಬೆಲ್ಲದ ಜೊತೆಗೆ. ತವರುಮನೆಯ ಆ ನೀರನ್ನು ನಾನು ಕುಡಿಯುವ ಹಾಗಿಲ್ಲ. ಕಾಲಿಗಷ್ಟೇ ಹಾಕು, ಕುಡಿಯಲು ಬೇಡ ಅಂದರೆ ಮುನಿಸಿಕೊಳ್ಳುತ್ತಾಳೆ, ಹೊರಗಿನವಳಾದೆಯಾ ಅಂತ ಕೇಳುತ್ತಾಳೆ. ಏನು ಹೇಳಲಿ? ಸಾಮಾನು ಕಟ್ಟಿ ಆಯಿತು, ಸೋಮವಾರ ಹೊರಡುವುದು. ಮಂಗಳವಾರ ಬೆಳಿಗ್ಗೆ ಗಂಗಾಪುರದ ಬಸ್ಸು ಬರುತ್ತದೆ. ಮೆಟ್ಟಿಲ ಮೇಲೆ ಚರಿಗೆ, ಬುಟ್ಟಿ ಇಟ್ಟು ಹೋಗುತ್ತಿದ್ದೇನೆ. ಸುರಿಯುವವರು ಯಾರಾದರೂ ಇರುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.