ಕಂಡಕ್ಟರಮ್ಮ ಮಾತು ನುಂಗಿದ ದಿನ

ಅವಳಿಗೆ ಹೆದರಿಕೆ ಎಂಬುದೇ ಇಲ್ಲವೆಂದು ಬಸ್ಸಿನವರೆಲ್ಲ ನಂಬಿದ್ದರು. ಕುಡಿದು ಗಲಾಟೆ ಮಾಡುವವನನ್ನು ಕೊರಳಪಟ್ಟಿ ಹಿಡಿದು ಇಳಿಸುತ್ತಿದ್ದಳು. ಬಾಗಿಲಲ್ಲಿ ಜೋತಾಡುವವರು ಅವಳ ಒಂದೇ ಗದರಿಕೆಗೆ ತೆಪ್ಪಗೆ ಒಳಗೆ ಬರುತ್ತಿದ್ದರು. ಬ್ರೇಕ್ ಫೇಲಾದರೂ ಇವಳ ಬಾಯಿ ನಿಲ್ಲುವುದಿಲ್ಲ ಎಂದು ಡ್ರೈವರ್ ರೇಗಿಸುತ್ತಿದ್ದ. ಆದರೆ ಆ ಬಾಯಿಯ ಗುಟ್ಟು ಅವನಿಗೂ ಗೊತ್ತಿರಲಿಲ್ಲ. ಅವಳು ಹೆಚ್ಚು ಮಾತಾಡುತ್ತಿದ್ದುದೇ ಹೆದರಿದಾಗ.

ಬಸ್ ಕಂಪನಿ ಮುಚ್ಚಿದ ಮೇಲೆ, ಎಂದೋ ಓದಿ ಮೂಲೆಗಿಟ್ಟಿದ್ದ ಪದವಿಯ ಧೂಳು ಕೊಡವಿ ಶಿಕ್ಷಕರ ತರಬೇತಿಗೆ ಸೇರಿದಳು. ಜೊತೆಗಿದ್ದವರೆಲ್ಲ ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿಯರು. ಮೊದಲ ವಾರದಲ್ಲೇ ಅವಳಿಗೆ ಕಂಡಕ್ಟರಮ್ಮ ಎಂದು ಹೆಸರಿಟ್ಟರು. ಅದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅವಳ ನಿದ್ದೆ ಕೆಡಿಸಿದ್ದು ಒಂದು ಮೊಬೈಲ್.

ಈಗಿನ ಶಿಕ್ಷಣವೇ ಬೇರೆಯಂತೆ. ಶಿಕ್ಷಕರು ಬಾಯಿ ಮುಚ್ಚಿಕೊಂಡಷ್ಟೂ ಮಕ್ಕಳು ಕಲಿಯುತ್ತಾರಂತೆ. ಪಾಠದ ಪರೀಕ್ಷೆ ನಡೆಸಲು ಬರುವ ಮೇಡಂ ಮೇಜಿನ ಮೇಲೆ ಮೊಬೈಲ್ ಇಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅದು ತರಗತಿಯ ಸದ್ದನ್ನೆಲ್ಲ ಕೇಳಿಸಿಕೊಂಡು ಗೆರೆ ಎಳೆಯುತ್ತಾ ಹೋಗುತ್ತದೆ. ಶಿಕ್ಷಕಿ ಮಾತಾಡಿದರೆ ಕೆಂಪು, ಉಳಿದದ್ದೆಲ್ಲ ಹಸಿರು. ಯಾರೂ ತುಟಿ ಬಿಚ್ಚದಿದ್ದರೂ ಹಸಿರೇ, ಏಕೆಂದರೆ ಅದು ಮಕ್ಕಳು ಯೋಚಿಸುವ ಸಮಯ. ಕೆಂಪು ಅರ್ಧ ದಾಟಿದರೆ ಫೇಲು. ಕಳೆದ ಸಲ ಭಯಕ್ಕೆ ಅವಳು ಬಡಬಡಿಸಿದ್ದೇ ಬಡಬಡಿಸಿದ್ದು. ಹುಡುಕಿದರೂ ಹಸಿರು ಸಿಗಲಿಲ್ಲ. ಇನ್ನೊಮ್ಮೆ ಫೇಲಾದರೆ ತರಬೇತಿಯಿಂದಲೇ ಹೊರಗೆ. ಮನೆಯಲ್ಲಿ ದುಡಿಯುವ ಜೀವ ಅವಳದೊಂದೇ.

ಹಾಗಾಗಿ ಸುಮ್ಮನಿರುವುದನ್ನು ಅಭ್ಯಾಸ ಮಾಡಲು ಕೂತಳು. ಬಸ್ಸಿನ ಕಾಲದ ಸೀಟಿಯನ್ನು ಪೆಟ್ಟಿಗೆಯಿಂದ ತೆಗೆದು, ಊದದೆ ಹಲ್ಲಿನ ನಡುವೆ ಕಚ್ಚಿಕೊಂಡು ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು. ಹೇಳುವುದನ್ನೆಲ್ಲ ಕೈಸನ್ನೆಯಲ್ಲೇ ಹೇಳಿದಳು. ಸಿಟ್ಟು ಬಂದಾಗ ಮಾತ್ರ ಸೀಟಿ ತಾನಾಗಿ ಪೀಂ ಎನ್ನುತ್ತಿತ್ತು. ಅತ್ತೆಗಂತೂ ಸ್ವರ್ಗಕ್ಕೆ ಮೂರೇ ಗೇಣು.

"ಈ ಕೋರ್ಸು ಇನ್ನೂ ಒಂದೆರಡು ವರ್ಷ ಇರಬಾರದಿತ್ತೇನಮ್ಮ?" ಎಂದು ಕೇಳಿಯೇಬಿಟ್ಟರು.

ಪರೀಕ್ಷೆಯ ದಿನ ಬಂತು. ಐದನೇ ತರಗತಿ, ಭಿನ್ನರಾಶಿ ಪಾಠ. ಸೀಟಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಒಳಗೆ ಹೋದಳು. ಮೇಡಂ ಮೇಜಿನ ಮೇಲೆ ಮೊಬೈಲ್ ಇಟ್ಟು ಹಿಂದೆ ಹೋಗಿ ಕೂತರು. ಹಾಳೆ ಹಂಚಿ, ಮಡಚುವುದು ಹೇಗೆಂದು ತೋರಿಸಿ, ಮಕ್ಕಳನ್ನು ಗುಂಪು ಮಾಡಿ ಕೂರಿಸಿದಳು. ಮಾತು ನಾಲಿಗೆ ತುದಿಗೆ ಬಂದಾಗಲೆಲ್ಲ ಸೀಟಿಯನ್ನು ಅದುಮಿದಳು. ಆದರೂ ಮೊಬೈಲಿನ ಕಡೆ ಕಣ್ಣು ಹಾಯಿಸಿದಾಗ ಕೆಂಪು ಅರ್ಧದ ಹತ್ತಿರ ಬಂದು ನಿಂತಿತ್ತು. ಗಂಟೆ ಹೊಡೆಯಲು ಇನ್ನೂ ಸಮಯವಿತ್ತು.

ಕೊನೆಗೆ ಒಂದು ಮಗುವನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸಬೇಕು. ಮುಂದಿನ ಸಾಲಿನವರು ನಾನು ನಾನು ಎಂದು ಕೈಯೆತ್ತಿದರು. ಅವರನ್ನು ಕರೆದರೆ ಕಣ್ಣು ಮಿಟುಕಿಸುವುದರೊಳಗೆ ಬಿಡಿಸಿಬಿಡುತ್ತಾರೆ, ಉಳಿದ ಹೊತ್ತಿಗೆ ತಾನೇ ಮಾತಾಡಬೇಕಾಗುತ್ತದೆ ಎಂದು ಅವಳ ತಲೆ ಲೆಕ್ಕ ಹಾಕಿತು. ಕಿಟಕಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದ ಹುಡುಗಿಯತ್ತ ಬೆರಳು ತೋರಿಸಿದಳು.

ಹುಡುಗಿ ಬಂದು ಬೋರ್ಡಿನ ಮುಂದೆ ನಿಂತಳು. ಅರ್ಧಕ್ಕೆ ಕಾಲು ಸೇರಿಸಬೇಕಿತ್ತು. ಸೀಮೆಸುಣ್ಣ ಹಿಡಿದ ಕೈ ಮೇಲೆದ್ದದ್ದು ಅಲ್ಲೇ ನಿಂತಿತು. ತರಗತಿ ಗಪ್‌ಚಿಪ್. ಅರ್ಧದಲ್ಲಿ ಎರಡು ಕಾಲು ಇದೆಯಲ್ವಾ ಪುಟ್ಟಿ ಎಂದಿದ್ದರೆ ಸಾಕಿತ್ತು. ಆ ಮಾತು ಕಂಡಕ್ಟರಮ್ಮನ ಗಂಟಲವರೆಗೆ ಬಂತು. ಅವಳು ಮೊಬೈಲ್ ನೋಡಿದಳು. ಹಸಿರು ಸರಸರ ಬೆಳೆಯುತ್ತಿತ್ತು. ಸೀಟಿಯನ್ನು ಇನ್ನಷ್ಟು ಬಿಗಿಯಾಗಿ ಅದುಮಿದಳು.

ಹುಡುಗಿಯ ಕಾಲು ನಡುಗುತ್ತಿರುವುದು ಆಗ ಕಾಣಿಸಿತು. ಆ ನಡುಕ ಕಂಡಕ್ಟರಮ್ಮನಿಗೆ ಗೊತ್ತಿತ್ತು. ಇದೇ ವಯಸ್ಸಿನಲ್ಲಿ, ಹೀಗೇ ತರಗತಿಗೆ ಬೆನ್ನು ಮಾಡಿ, ತೊಟ್ಟ ಬಟ್ಟೆ ಒದ್ದೆಯಾಗುವವರೆಗೆ ಅವಳೂ ನಿಂತಿದ್ದಳು. ಅವಳ ಮೇಷ್ಟರು ಬೈದಿರಲಿಲ್ಲ, ಹೊಡೆದಿರಲಿಲ್ಲ, ಕೈಕಟ್ಟಿಕೊಂಡು ಸುಮ್ಮನೆ ನೋಡುತ್ತಿದ್ದರು. ಅಂಥ ಮೌನ ಕಂಡರೆ ಇವತ್ತಿಗೂ ಅವಳಿಗೆ ಭಯ. ಬಸ್ಸಿನಲ್ಲಿ ಅಷ್ಟು ವರ್ಷ ಬಾಯಿ ಮಾಡಿದ್ದು ಅದನ್ನು ದೂರವಿಡುವುದಕ್ಕೇ. ಈಗ ತನ್ನ ಕೈ ನೋಡಿಕೊಂಡಳು. ಕೈಕಟ್ಟಿ ನಿಂತಿದ್ದಳು. ಆದರೂ ಬಾಯಿ ತೆರೆಯಲಿಲ್ಲ. ಗಂಟೆ ಹೊಡೆಯಿತು.

ಮೇಡಂ ನಗುತ್ತಾ ಎದ್ದು ಬಂದು ಮೊಬೈಲ್ ತೋರಿಸಿದರು. ಹಸಿರೇ ಹೆಚ್ಚು.

"ಎಷ್ಟು ಚೆನ್ನಾಗಿ ಕಾದ್ರಿ. ಮಗುಗೆ ಯೋಚನೆ ಮಾಡೋಕೆ ಇಷ್ಟು ಹೊತ್ತು ಯಾರೂ ಕೊಡಲ್ಲ. ಈ ಪಾಠನ ಬೇರೆಯವರಿಗೂ ತೋರಿಸ್ತೀನಿ."

ಪಾಸಾಗಿದ್ದಳು. ಮೇಡಂ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡು ಹೊರಟರು, ಮಕ್ಕಳು ಹೋ ಎಂದು ಆಟಕ್ಕೆ ಓಡಿದರು. ಬೋರ್ಡಿನ ಹತ್ತಿರ ಆ ಹುಡುಗಿ ಮಾತ್ರ ನಿಂತೇ ಇದ್ದಳು. ಬೆರಳ ತುಂಬ ಸೀಮೆಸುಣ್ಣದ ಪುಡಿ.

"ಮಿಸ್, ನಾಳೆ ನನ್ನ ಕರೀಬೇಡಿ."

ಕಂಡಕ್ಟರಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅಷ್ಟು ಹೊತ್ತು ನುಂಗಿದ್ದ ಮಾತೆಲ್ಲ ಒಟ್ಟಿಗೆ ನುಗ್ಗಿ ಬಂತು. ತಪ್ಪಾದರೆ ಏನೂ ಆಗುವುದಿಲ್ಲ ಎಂದಳು, ತನಗೂ ಲೆಕ್ಕ ಬರುತ್ತಿರಲಿಲ್ಲ ಎಂದಳು, ಯಾರೂ ನಗುವುದಿಲ್ಲ ಎಂದಳು. ಹುಡುಗಿಯ ಮುಖ ಸಡಿಲವಾಗಲಿಲ್ಲ.

"ಕರೆದ್ರೂ ನೀನೊಬ್ಬಳೇ ನಿಂತ್ಕೋಬೇಕಾಗಿಲ್ಲ ಪುಟ್ಟಿ. ನಾನೂ ಬಂದು ಪಕ್ಕದಲ್ಲಿ ನಿಂತ್ಕೋತೀನಿ."

ಹುಡುಗಿ ಸೀಮೆಸುಣ್ಣದ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

"ಇವತ್ತು ಯಾಕೆ ಬರ್ಲಿಲ್ಲ?"

ಮೇಜಿನ ಮೇಲೆ ಮೊಬೈಲ್ ಇರಲಿಲ್ಲ. ಈಗ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಕಂಡಕ್ಟರಮ್ಮನಿಗೆ ಒಂದು ಮಾತೂ ಹೊರಡಲಿಲ್ಲ.